ತಪ್ಪಿದ ಗಣ

ಕನ್ನಡ ಮೇಷ್ಟರಿಗೂ ಮೋಟಾರಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ನನ್ನದಲ್ಲ, ನನ್ನ ಸೋದರಮಾವನವರದು. ಮೈಸೂರಿನ ಸರಸ್ವತಿಪುರಂನಲ್ಲಿರುವ ಅವರ ಮನೆಯ ಷೆಡ್ಡಿನಲ್ಲಿ 1951ರ ಎಂ.ಜಿ. ಟಿ.ಡಿ. ಗಾಡಿ ಇತ್ತು. ಇಂಗ್ಲೆಂಡಿನ ಆಬಿಂಗ್ಡನ್ ಊರಿನಲ್ಲಿ 1949ರಿಂದ 1953ರವರೆಗೆ ತಯಾರಾದ ಜಾತಿ ಅದು: ಇಬ್ಬರೇ ಕೂರುವ, ಮಡಿಚಿಡುವ ಬಟ್ಟೆಯ ಮಾಡಿನ, 1250 ಸಿ.ಸಿ.ಯ ಸ್ಪೋರ್ಟ್ಸ್ ಕಾರು. ನಾಲ್ಕು ಸಿಲಿಂಡರಿಗೆ ಎರಡು ಕಾರ್ಬೊರೇಟರು. ಚಿಕ್ಕಂದಿನಲ್ಲಿ ನನ್ನನ್ನು ಚಾಮುಂಡಿ ಬೆಟ್ಟಕ್ಕೆ ಹತ್ತಿಸಿದ್ದು ಅದೇ ಗಾಡಿ.

ಮಾವನವರಿಗೆ ಈಗ ಎಂಬತ್ತಮೂರು. ಕಿವಿ ಮಂದ, ಮಂಡಿ ನೋವು. ಗಾಡಿ ಮಾರಿಬಿಡಿ ಎಂದವನು ನಾನೇ. "ಆಗಲಪ್ಪ" ಎಂದರು, ಆಮೇಲೆ ಎರಡು ದಿನ ಊಟದ ಹೊತ್ತಿನಲ್ಲಿ ಮಾತಾಡಲಿಲ್ಲ. ಬೆಂಗಳೂರಿನವರೊಬ್ಬರು ಭಾನುವಾರ ನೋಡಲು ಬರುವುದೆಂದಾಯಿತು. ಬುಧವಾರ ಗಾಡಿ ಚಾಲೂ ಮಾಡಿದರೆ ಎಂಜಿನ್ನು ಕುಂಟುತ್ತಿದೆ!

ಆ ಎಂಜಿನ್ನಿನ ಸಿಲಿಂಡರುಗಳು ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಉರಿಯುತ್ತವೆ. ಭಾಮಿನಿ ಷಟ್ಪದಿಯ ಮೊದಲ ಸಾಲಿಗೂ ನಾಲ್ಕೇ ಗಣ. ಗಣವೊಂದು ತಪ್ಪಿದರೆ ಓದುವವನ ನಾಲಿಗೆ ಎಡವುವ ಹಾಗೆ ಎಂಜಿನ್ನು ಎಡವುತ್ತಿತ್ತು. ಗ್ಯಾರೇಜಿನವನು ಬಂದು ಕೇಳಿ, "ಮಿಸ್ಸಿಂಗ್ ಹೊಡೀತಿದೆ ಸಾರ್, ಎಂಜಿನ್ ಬಿಚ್ಚಬೇಕು" ಎಂದ. ಬಿಚ್ಚಿದ್ದು ಭಾನುವಾರದೊಳಗೆ ಮತ್ತೆ ಕೂಡುವುದುಂಟೆ? ಕುಂಟುವ ಗಾಡಿಯನ್ನು ತೋರಿಸಿದರೆ ಬೆಲೆ ಅರ್ಧಕ್ಕಿಳಿಯುತ್ತದೆ. ಅದು ಹೋಗಲಿ, ಐವತ್ತು ವರ್ಷ ಸಾಕಿದ ಗಾಡಿಯನ್ನು ಹೊರಗಿನವರು ಮಾವನವರ ಎದುರಿಗೇ ಕಾಯಿಲೆಯದು ಎನ್ನಬೇಕಲ್ಲ!

ನಾನೇ ಕೈಹಾಕಿದೆ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ಮೂರನೆಯದು ಪೆಟ್ರೋಲಿನಿಂದ ಒದ್ದೆ. ಕಾರ್ಬೊರೇಟರು ಪೆಟ್ರೋಲು ಹೆಚ್ಚು ಬಿಡುತ್ತಿದೆ ಎಂದು ತೀರ್ಮಾನಿಸಿದೆ. ಎರಡು ಸಂಜೆ ಎರಡು ಕಾರ್ಬೊರೇಟರುಗಳನ್ನೂ ಬಿಚ್ಚಿ ಒರೆಸಿ, ಕೆಳಗಿನ ನಟ್ಟುಗಳನ್ನು ಅತ್ತಿತ್ತ ತಿರುಗಿಸಿದೆ. ಕುಂಟು ಹೋಗಲಿಲ್ಲ, ಜೊತೆಗೆ ಕೆಮ್ಮು ಬಂತು. ಬೇರೆ ಪ್ರತಿಗಳನ್ನು ನೋಡದೆ ಪಾಠವನ್ನು ತಿದ್ದಬೇಡಿ ಎಂದು ಗ್ರಂಥಸಂಪಾದನೆಯ ತರಗತಿಯಲ್ಲಿ ವರ್ಷ ವರ್ಷವೂ ಗದರಿಸುವವನು ನಾನು.

ಶುಕ್ರವಾರ ಸಂಜೆ ಮಾವನವರು ಕೋಲೂರಿಕೊಂಡು ಷೆಡ್ಡಿಗೆ ಬಂದರು. ಕಿವಿ ಕೇಳದವರಿಗೆ ಎಂಜಿನ್ನಿನ ಸದ್ದೇನು ಗೊತ್ತಾದೀತೆಂದು ನಾನು ಅವರನ್ನು ಕರೆದೇ ಇರಲಿಲ್ಲ. ಅವರು ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು.

"ನಾಲ್ಕರಲ್ಲಿ ಒಂದು ಸತ್ತಿದೆ. ಯಾವುದೋ?"

"ಮೂರನೇದರ ಪ್ಲಗ್ಗು ಒದ್ದೆ ಮಾವ, ಕಾರ್ಬೊರೇಟರಿನ ದೋಷ" ಎಂದು ಕೂಗಿ ಹೇಳಿದೆ.

"ನಾಲ್ಕನೇದು?"

"ಒಣಗಿದೆ."

"ಹಿಂದಿನ ಕಾರ್ಬೊರೇಟರು ಮೂರಕ್ಕೂ ನಾಲ್ಕಕ್ಕೂ ಬಡಿಸುತ್ತೆ ಕಣೋ. ಒಂದೇ ಪಾತ್ರೆಯ ಸಾರು ಒಬ್ಬನಿಗೆ ಮಾತ್ರ ಉಪ್ಪಾಗುತ್ತೇನೋ?"

ನನ್ನ ಎರಡು ಸಂಜೆಯ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಎಂಜಿನ್ನು ಓಡುತ್ತಿರುವಾಗಲೇ, ರಬ್ಬರು ಹಿಡಿಯ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಎಳೆಯಲು ಹೇಳಿದರು. ಒಂದು, ಎರಡು, ನಾಲ್ಕು ಎಳೆದಾಗಲೆಲ್ಲ ಎಂಜಿನ್ನು ಇನ್ನಷ್ಟು ಕುಸಿಯಿತು. ಮೂರನೆಯದನ್ನು ಎಳೆದರೆ ಯಾವ ವ್ಯತ್ಯಾಸವೂ ಇಲ್ಲ, ಸತ್ತದ್ದು ಅದೇ. ಎಂಜಿನ್ನು ನಿಲ್ಲಿಸಿ, ಮೂರರ ಪ್ಲಗ್ಗನ್ನು ನಾಲ್ಕಕ್ಕೂ ನಾಲ್ಕರದನ್ನು ಮೂರಕ್ಕೂ ಹಾಕಿದೆ. ದೋಷ ಮೂರರಲ್ಲೇ ಉಳಿಯಿತು, ಪ್ಲಗ್ಗು ನಿರಪರಾಧಿ. ತಂತಿಯನ್ನೂ ಒಟ್ಟಿಗೇ ಬದಲಾಯಿಸಿಬಿಡೋಣ ಎಂದರೆ ತಡೆದರು. "ಒಂದು ಸಲಕ್ಕೆ ಒಂದೇ. ಎರಡು ಮುಟ್ಟಿದರೆ ಯಾವುದರಿಂದ ಏನಾಯಿತೂಂತ ಬ್ರಹ್ಮನಿಗೂ ತಿಳಿಯೋದಿಲ್ಲ."

ಅಷ್ಟರಲ್ಲಿ ಕತ್ತಲಾಗಿತ್ತು. "ದೀಪ ಆರಿಸು" ಎಂದರು. ಆರಿಸಿ ನೋಡಿದೆ. ಮೂರನೆಯ ತಂತಿ ಎಂಜಿನ್ನಿನ ಮೈಗೆ ತಾಗುವಲ್ಲಿ ಒಂದು ಸಣ್ಣ ನೀಲಿ ಕಿಡಿ ಚಿಟಚಿಟ ಎನ್ನುತ್ತಿತ್ತು. ವಯಸ್ಸಾಗಿ ತಂತಿಯ ರಬ್ಬರು ಬಿರಿದಿತ್ತು. ಪ್ಲಗ್ಗಿಗೆ ಹೋಗಬೇಕಾದ ವಿದ್ಯುತ್ತು ದಾರಿಯಲ್ಲೇ ಸೋರಿಹೋಗುತ್ತಿತ್ತು. ಪ್ಲಗ್ಗು ಒದ್ದೆಯಾದದ್ದು ಪೆಟ್ರೋಲು ಹೆಚ್ಚಾಗಿ ಬಂದಿದ್ದರಿಂದಲ್ಲ, ಬಂದದ್ದು ಉರಿಯದೆ ಉಳಿದಿದ್ದರಿಂದ.

ಶನಿವಾರ ಬೆಳಿಗ್ಗೆ ಹೊಸ ತಂತಿ ಹಾಕಲು ಹತ್ತು ನಿಮಿಷ ಹಿಡಿಯಿತು. ನಾನು ತಿದ್ದಿದ್ದನ್ನು ತಿದ್ದಲು ಇಡೀ ದಿನ ಬೇಕಾಯಿತು. ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೂ ಹಿಡಿದು, ಎರಡೂ ಗಾಳಿಯೆಳೆಯುವ ಸದ್ದು ಸಮನಾಗುವವರೆಗೆ ತಿರುಪನ್ನು ಹೊಂದಿಸಬೇಕು. ಕೇಳಿಸಿಕೊಳ್ಳುವ ಕೆಲಸ ನನ್ನದು. ಯಾವ ಕಡೆಗೆ ಎಷ್ಟು ತಿರುಗಿಸಬೇಕೆಂದು ಹೇಳುವ ಕೆಲಸ ಅವರದು.

ಭಾನುವಾರ ಬಂದವರು ಬೆಟ್ಟದವರೆಗೆ ಓಡಿಸಿ ನೋಡಿ, ಚೌಕಾಸಿಯಿಲ್ಲದೆ ಹಣ ಎಣಿಸಿದರು. ಹೊರಡುವ ಮುನ್ನ ಮಾವನವರು ಮಡ್‌ಗಾರ್ಡಿನ ಮೇಲೆ ಮತ್ತೆ ಅಂಗೈ ಇಟ್ಟರು.

"ನಾಲ್ಕೂ ಇದೆ" ಎಂದು ಕೈ ತೆಗೆದರು.

ಗಾಡಿ ತಿರುವು ದಾಟಿತು. ಅದರ ಸದ್ದು ನನಗೆ ಇನ್ನೂ ಕೇಳುತ್ತಿತ್ತು. ಅವರಿಗೆ ಆಗಲೇ ಮುಗಿದಿತ್ತು. ಆಗ ಹೊಳೆಯಿತು: ಎಂಜಿನ್ನಿನ ವಿಷಯ ಮಾತ್ರವಲ್ಲ, ಗಾಡಿಯನ್ನು ಮಾರೋಣವೇ ಎಂದು ಕೂಡ ನಾನು ಅವರನ್ನು ಕೇಳಿರಲಿಲ್ಲ. ಮಾರಿಬಿಡಿ ಎಂದು ಹೇಳಿದ್ದೆ, ಅಷ್ಟೆ.