ಟ್ರಂಕಿನೊಳಗಿನ ಲ್ಯಾಪ್‌ಟಾಪ್

ನಮ್ಮ ಅತ್ತೆಯ ಊರು ತಾಳವಾಡಿ ಕಡೆ. ಚಾಮರಾಜನಗರ ದಾಟಿ ಸ್ವಲ್ಪ ದೂರ ಹೋದರೆ ತಮಿಳುನಾಡು, ಆದರೆ ಮನೆಮಾತು ಕನ್ನಡ. ಅತ್ತೆಯ ಮಕ್ಕಳು ಓದಿದ್ದೂ ಕನ್ನಡ ಮಾಧ್ಯಮದಲ್ಲೇ. 2011ರಲ್ಲಿ ಜಯಲಲಿತಾ ಸರ್ಕಾರ ಪುಕ್ಕಟೆ ಲ್ಯಾಪ್‌ಟಾಪ್ ಕೊಡುವ ಯೋಜನೆ ತಂತಲ್ಲ, ಹನ್ನೆರಡನೇ ಕ್ಲಾಸಿನಲ್ಲಿದ್ದ ಅತ್ತೆ ಮಗನಿಗೂ ಒಂದು ಬಂತು. ನಮಗೆ ಹೊಟ್ಟೆಕಿಚ್ಚು. ಈಚೆ ಕರ್ನಾಟಕದಲ್ಲಿ ನಮಗೆ ಸಿಕ್ಕಿದ್ದು ಎಂಟನೇ ಕ್ಲಾಸಿನ ಸೈಕಲ್ ಅಷ್ಟೇ.

ಬೇಸಿಗೆ ರಜೆಗೆ ಹೋದಾಗ ಅದನ್ನು ನೋಡಲೆಂದೇ ಓಡಿದೆವು. ಅತ್ತೆ ಅದನ್ನು ಸೀರೆ ಸುತ್ತಿ ಟ್ರಂಕಿನಲ್ಲಿಟ್ಟಿದ್ದರು. ಆಗ ಅಲ್ಲಿ ಕರೆಂಟು ಇದ್ದದ್ದಕ್ಕಿಂತ ಹೋಗಿದ್ದೇ ಹೆಚ್ಚು. ಬಂದಾಗ ಚಾರ್ಜ್ ಮಾಡಿ, ಮೊಬೈಲ್ ಅಂಗಡಿಯಿಂದ ಪೆನ್‌ಡ್ರೈವಿಗೆ ತುಂಬಿಸಿಕೊಂಡು ತಂದ ಸಿನಿಮಾ ನೋಡುತ್ತಿದ್ದೆವು. ಪಾಠ? ಅದನ್ನು ತೆಗೆದು ಹೇಳಿಕೊಡುವವರೇ ಶಾಲೆಯಲ್ಲಿ ಇರಲಿಲ್ಲವಂತೆ. ತಂಗಿ ಹತ್ತಿರ ಬಂದರೆ, ‘ಮುಟ್‌ಬ್ಯಾಡ ಕನಮ್ಮಿ, ಹಾಳಾಯ್ತದ’ ಅಂತ ಅವನು ಗದರುತ್ತಿದ್ದ. ಅವನು ಆ ವರ್ಷ ಲೆಕ್ಕದಲ್ಲಿ ಫೇಲಾದ.

ಪತ್ರಿಕೋದ್ಯಮ ಓದುವಾಗ ಪೆರು ದೇಶದ ಒಂದು ಅಧ್ಯಯನ ಕಣ್ಣಿಗೆ ಬಿತ್ತು. 319 ಶಾಲೆಗಳು, ಹೆಚ್ಚಿನವು ಹಳ್ಳಿಯ ಪ್ರೈಮರಿ ಶಾಲೆಗಳು. ಲ್ಯಾಪ್‌ಟಾಪ್ ಕೊಟ್ಟ ಶಾಲೆಗಳನ್ನೂ ಕೊಡದ ಶಾಲೆಗಳನ್ನೂ ಹೋಲಿಸಿ 2012ರಲ್ಲಿ ವರದಿ ಬರೆದರು. ಲೆಕ್ಕದಲ್ಲೂ ಭಾಷೆಯಲ್ಲೂ ಅಂಕ ಏರಿರಲಿಲ್ಲ. ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಒಂದಿಷ್ಟು ಲಾಭ ಕಂಡಿತ್ತು. ಇಂಟರ್ನೆಟ್ ಬಹುತೇಕ ಎಲ್ಲೂ ಇರಲಿಲ್ಲ. ಓದುತ್ತಾ ಅತ್ತೆಮನೆ ಟ್ರಂಕು ನೆನಪಾಗಿ ನಕ್ಕುಬಿಟ್ಟೆವು.

ನಗು ಪೂರ್ತಿ ಸರಿಯಿರಲಿಲ್ಲ. ಅವನು ತಿರುಪ್ಪೂರಿಗೆ ಬನಿಯನ್ ಕೆಲಸಕ್ಕೆ ಹೋದ ಮೇಲೆ ಲ್ಯಾಪ್‌ಟಾಪ್ ತಂಗಿಯ ಕೈಗೆ ಬಂತು. ಅವಳು ಅದನ್ನು ಚೀಲದಲ್ಲಿಟ್ಟುಕೊಂಡು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗುತ್ತಿದ್ದಳು. ಅಂಗಡಿಯ ಅಕ್ಕ ಗಿರಾಕಿ ಇಲ್ಲದ ಹೊತ್ತಲ್ಲಿ ಟೈಪಿಂಗ್ ಹೇಳಿಕೊಟ್ಟರು. ಬ್ಯಾಟರಿ ಸತ್ತುಹೋಗಿತ್ತು, ಹಾಗಾಗಿ ಅಂಗಡಿಯ ಪ್ಲಗ್ಗಿಗೇ ಹಾಕಿ ಕೂರಬೇಕಿತ್ತು. ಆರು ತಿಂಗಳು ಹಾಗೇ ನಡೆಯಿತು.

ಈಗ ಅವಳು ಅದೇ ಅಂಗಡಿಯಲ್ಲಿ ಕೂತು ಊರವರ ಅರ್ಜಿ ತುಂಬಿಸುತ್ತಾಳೆ. ಹೋದ ತಿಂಗಳು ನಾವು ಹೋದಾಗ ಅಣ್ಣನೂ ರಜೆಗೆ ಬಂದಿದ್ದ. ಅವನ ಪಿಎಫ್ ಅರ್ಜಿ ತುಂಬಿಸುತ್ತಿದ್ದವಳು ತಲೆ ಎತ್ತದೆ ಅಂದಳು: ‘ದೂರ ಕೂತ್ಕೊ ಕನಣ್ಣೊ, ಮುಟ್‌ಬ್ಯಾಡ.’