ಅಹಮದಾಬಾದಿನ ಪೋಳದಲ್ಲಿ ಎರಡು ದಿನ

ಗಿರನಾರದಲ್ಲಿ ನೇಮಿನಾಥ ಸ್ವಾಮಿಯ ದರ್ಶನ ಮುಗಿಸಿಕೊಂಡು ಸೊಲ್ಲಾಪುರಕ್ಕೆ ಮರಳುವಾಗ ನಾವು ಅಹಮದಾಬಾದಿನಲ್ಲಿ ಎರಡು ದಿನ ಇಳಿದುಕೊಂಡೆವು. ನಮ್ಮ ಬಟ್ಟೆ ಅಂಗಡಿಗೆ ತಂದೆಯವರ ಕಾಲದಿಂದಲೂ ಮಾಲು ಕಳಿಸುವ ಶೇಠರೊಬ್ಬರ ಮನೆ ಅಲ್ಲಿನ ಹಳೆ ಪೇಟೆಯಲ್ಲಿದೆ. ಯಾತ್ರೆಗೆ ಬಂದವರು ಲಾಡ್ಜಿನಲ್ಲಿ ಉಳಿಯುವುದುಂಟೇ ಎಂದು ಅವರು ಸ್ಟೇಷನ್ನಿಗೇ ಬಂದು ಕರೆದೊಯ್ದರು. ನಮ್ಮ ಚೀಲದಲ್ಲಿ ಒಂದು ಕಾಗದವಿತ್ತು. ಸೊಲ್ಲಾಪುರದಲ್ಲಿ ಸಾಲಾಗಿ ನಿಂತಿರುವ ನಮ್ಮ ನಾಲ್ವರು ಅಣ್ಣತಮ್ಮಂದಿರ ಮನೆಗಳ ಪೈಕಿ ಕಿರಿಯನ ಮನೆಯನ್ನು ಗೋದಾಮಿಗೆ ಮಾರುವ ಒಪ್ಪಿಗೆಪತ್ರ. ಮೂವರ ಸಹಿ ಆಗಿತ್ತು, ನಮ್ಮದೊಂದೇ ಬಾಕಿ.

1848ರಲ್ಲಿ ಕಟ್ಟಿದ ಹಠೀಸಿಂಗರ ಜಿನಮಂದಿರವನ್ನು ದಿಲ್ಲಿ ದರವಾಜೆಯ ಹೊರಗೆ ಕಣ್ತುಂಬ ನೋಡಿದೆವು. ಅದರ ವಿಷಯ ಬರೆದವರು ಬಹಳ ಮಂದಿ ಇದ್ದಾರೆ. ನಮಗೆ ಹೇಳಬೇಕೆನಿಸಿದ್ದು ಶೇಠರ ಓಣಿಯ ಮಾತು.

ಅಹಮದ್ ಶಹಾ 1411ರಲ್ಲಿ ಕಟ್ಟಿಸಿದ ಆ ಊರಿನ ಹಳೆ ಓಣಿಗಳಿಗೆ ಪೋಳ ಎನ್ನುತ್ತಾರೆ. ನಮ್ಮ ಹಳ್ಳಿಗಳ ಅಗಸಿಯಂಥ ಒಂದು ಬಾಗಿಲು. ರಾತ್ರಿ ಅದನ್ನು ಮುಚ್ಚಿ ಕಾವಲುಗಾರ ಕೂಡುತ್ತಿದ್ದ. ಒಳಗೆ ಹೊಕ್ಕರೆ ಇಬ್ಬರು ಎದುರಾದರೆ ಮೈ ಓರೆ ಮಾಡಬೇಕಾದಷ್ಟು ಇಕ್ಕಟ್ಟು. ಆದರೆ ಬಿಸಿಲು ನೆಲಕ್ಕೆ ಇಳಿಯುವುದೇ ಇಲ್ಲ. ಎರಡೂ ಕಡೆ ಮೂರು ಅಂತಸ್ತಿನ ಮನೆಗಳು, ಕೆತ್ತನೆಯ ಕಂಬ, ಮುಂದೆ ಕಟ್ಟೆ. ಓಣಿಯ ನಡುವೆ ಹಕ್ಕಿಗಳಿಗೆ ಕಾಳು ಹಾಕುವ ಎತ್ತರದ ಗೂಡು. ಅದಕ್ಕೆ ಚಬೂತರೊ ಎಂದು ಹೆಸರು.

ನಮ್ಮ ಅವ್ವ ಮೊದಲು ಕೇಳಿದ್ದು ನೀರಿನ ಮಾತು. ಶೇಠಾಣಿಯವರು ಅಂಗಳದ ಕಲ್ಲು ಸರಿಸಿ ತೋರಿಸಿದರು: ಕೆಳಗೆ ಟಾಂಕಾ. ಮಾಳಿಗೆಯ ಮೇಲೆ ಬಿದ್ದ ಮಳೆನೀರು ಕೊಳವೆಯಿಂದ ಇಳಿದು ಅಲ್ಲಿ ತುಂಬುತ್ತದೆ. ಬೆಳಕು ತಾಗದ್ದರಿಂದ ನೀರು ಕೆಡುವುದಿಲ್ಲವಂತೆ. ಸೋಸಿ ಕೊಟ್ಟ ಒಂದು ಲೋಟ ಕುಡಿದ ಅವ್ವ, "ಇದಕ್ಕಿಂತ ಶುದ್ಧ ನೀರು ಇನ್ಯಾವುದವಾ?" ಎಂದರು. ಶೇಠಾಣಿಯವರಿಗೆ ಕನ್ನಡ ಬಾರದು, ಆದರೂ ನಕ್ಕರು.

ಸೂರ್ಯಾಸ್ತದೊಳಗೆ ಊಟ ಮುಗಿಸಿ ಕಟ್ಟೆಯ ಮೇಲೆ ಕೂತಾಗ ಶೇಠರು ಹಳೆಯ ಪದ್ಧತಿ ಹೇಳಿದರು. ಪೋಳಕ್ಕೆ ಪಂಚರಿದ್ದರು. ಮನೆ ಮಾರುವವನು ಮೊದಲು ಪೋಳದವರನ್ನೇ ಕೇಳಬೇಕಿತ್ತು. ಮಾರಿದ ಹಣದಲ್ಲಿ ಒಂದು ಪಾಲು ಪಂಚರಿಗೆ ಸಲ್ಲಬೇಕಿತ್ತು, ಕಟ್ಟು ಮೀರಿದವನಿಗೆ ದಂಡ. ನಮಗೆ ಮೊದಲು ಇದು ಜುಲುಮೆ ಎನಿಸಿತು. ಸ್ವಂತ ಮನೆಯನ್ನು ಹೆಚ್ಚು ಬೆಲೆ ಕೊಡುವವನಿಗೆ ಮಾರಬಾರದೇ? ವ್ಯಾಪಾರಸ್ಥರ ಬುದ್ಧಿ ಹಾಗೆಯೇ ಓಡುವುದು.

ಶೇಠರು ಎದ್ದು ಮೂರು ಮನೆ ಆಚೆ ಕರೆದೊಯ್ದರು. ಅಲ್ಲೊಂದು ಮನೆ ಇರಲಿಲ್ಲ. ಮಾಲೀಕರು ಸಾಬರಮತಿ ಹೊಳೆಯ ಆಚೆ ಫ್ಲ್ಯಾಟು ಕೊಂಡು ಹೋದರು. ಕೊಂಡವನು ಗೋದಾಮು ಕಟ್ಟಲೆಂದು ಕೆಡವಿ, ಕೆತ್ತನೆಯ ಕಂಬಗಳನ್ನು ಹಳೆ ಸಾಮಾನಿನವರಿಗೆ ಮಾರಿದ. ಎರಡು ಮನೆಗೆ ಒಂದೇ ಗೋಡೆ ಇದ್ದಲ್ಲಿ ಪಕ್ಕದ ಮನೆಯವರು ಈಗ ಮರದ ದಿಮ್ಮಿ ಆನಿಸಿ ಗೋಡೆ ನಿಲ್ಲಿಸಿಕೊಂಡಿದ್ದಾರೆ. 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನ ಹಲವು ಹೊಸ ಬಹುಮಹಡಿ ಕಟ್ಟಡಗಳು ಕುಸಿದು ನೂರಾರು ಜನ ಸತ್ತರು. ಇಟ್ಟಿಗೆಯ ನಡುವೆ ಮರ ಕೂಡಿಸಿ ಕಟ್ಟಿದ ಶೇಠರ ಈ ಸಾಲು ಮಾತ್ರ ನಡುಗಿ ನಿಂತಿತಂತೆ. "ಭೂಮಿ ನಡುಗಿದಾಗ ಬೀಳದ ಮನೆ, ಸಹಿ ಮಾಡಿದಾಗ ಬಿತ್ತು" ಎಂದು ಶೇಠರು ಹಿಂದಿಯಲ್ಲಿ ಹೇಳಿದರು. ನಮ್ಮ ಚೀಲದ ಕಾಗದ ಅವರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯ ದೇರಾಸರಕ್ಕೆ ಹೋದೆವು. ಪೂಜೆಗೆ ನಮ್ಮನ್ನು ಬಿಟ್ಟು ಐದು ಜನ, ಎಲ್ಲರೂ ಅರವತ್ತು ದಾಟಿದವರು. ಮೊದಲು ಪ್ರಕ್ಷಾಲಕ್ಕೆ ಪಾಳಿ ಹಚ್ಚಿ ಕಾಯಬೇಕಿತ್ತಂತೆ. ಶೇಠರ ಮಕ್ಕಳಿಬ್ಬರೂ ಹೊಳೆಯ ಆಚೆಯೇ ಇದ್ದಾರೆ. ಅಲ್ಲಿ ಕಾರು ಬಾಗಿಲಿಗೆ ಬರುತ್ತದೆ, ಲಿಫ್ಟ್ ಇದೆ. ಅವರನ್ನು ತಪ್ಪೆನ್ನುವುದು ಹೇಗೆ? 2017ರ ಜುಲೈಯಲ್ಲಿ ಯುನೆಸ್ಕೋ ಈ ಹಳೆ ಊರನ್ನು ವಿಶ್ವ ಪರಂಪರೆಯ ನಗರವೆಂದು ಸಾರಿತು. ಭಾರತದಲ್ಲಿ ಆ ಮಾನ ಮೊದಲು ಸಿಕ್ಕಿದ್ದು ಇದಕ್ಕೇ. ನೋಡಲು ಬರುವವರು ಹೆಚ್ಚಿದ್ದಾರೆ, ಇರಲು ಬರುವವರಲ್ಲ ಎಂದರು ಶೇಠಾಣಿ.

ಸೊಲ್ಲಾಪುರಕ್ಕೆ ಬಂದವರೇ ತಮ್ಮನನ್ನು ಕರೆಸಿದೆವು. ಮಗಳ ಓದಿಗೆ ಅವನಿಗೆ ಹಣ ಬೇಕು, ಅದು ಸುಳ್ಳಲ್ಲ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ತಂದೆಯವರು ಇಟ್ಟಿಗೆ ಉಳಿಸಲೆಂದು ಹಾಗೆ ಕಟ್ಟಿಸಿದ್ದು. ಗೋದಾಮಿನವರು ಕೊಡುವ ಬೆಲೆ ನಮ್ಮಿಂದಾಗದು. ಮೂವರು ಅಣ್ಣಂದಿರು ಕೂಡಿ ಎಷ್ಟು ಹೊಂದಿಸಬಹುದು ಎಂದು ಅವ್ವನ ಮುಂದೆ ಲೆಕ್ಕ ಹಾಕುತ್ತ ಕೂತಿದ್ದೇವೆ. ದಲಾಲರಿಗೆ ದೀಪಾವಳಿ ಕಳೆಯಲಿ ಎಂದು ಹೇಳಿ ಕಳಿಸಿದ್ದೇವೆ.