ನಿಂತ್ಕೊಳೇ ಪುಟ್ಟಿ, ಕೇಳಬೇಕು

ನನಗೆ ವಿಡಿಯೊ ಗೇಮ್ ಆಡಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಆದರೂ ಮಗಳು ಆಡಲು ಕುಳಿತಳೆಂದರೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತೇನೆ, ಬರೀ ಸಂಗೀತಕ್ಕಾಗಿ. "ಸ್ವಲ್ಪ ಹೊತ್ತು ಹಾಗೇ ನಿಂತ್ಕೊಳೇ ಪುಟ್ಟಿ, ಈ ಟ್ಯೂನ್ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತೆ ಕೇಳ್ಬೇಕು" ಅಂತ ನಾನು. "ಅಪ್ಪಾ, ನಿಂತ್ರೆ ಸಾಯ್ತೀನಿ" ಅಂತ ಅವಳು. ಅವಳಿಗೆ ಜೀವದ ಚಿಂತೆ, ನನಗೆ ಬೆಸುಗೆಯ ಚಿಂತೆ. ಬಲ್ಲ ಸಂಯೋಜಕನಾದರೆ ಆ ಬೆಸುಗೆ ಕಿವಿಗೆ ಸಿಕ್ಕುವುದೇ ಇಲ್ಲ.

ಸಿನಿಮಾಕ್ಕೆ ಹಿನ್ನೆಲೆ ಸಂಗೀತ ಕೊಡುವವನಿಗೆ ಒಂದು ನೆಮ್ಮದಿಯಿದೆ. ನಾಯಕ ಬಾಗಿಲು ತೆರೆಯುವುದು ಎಷ್ಟನೇ ಸೆಕೆಂಡಿಗೆಂದು ಅವನಿಗೆ ಗೊತ್ತು. ಗೇಮ್‌ನಲ್ಲಿ ಹಾಗಲ್ಲ. ಅದೇ ಬಾಗಿಲನ್ನು ಒಬ್ಬ ಕ್ಷಣದಲ್ಲಿ ತೆರೆದರೆ ಇನ್ನೊಬ್ಬ ಕೀಲಿ ಹುಡುಕುತ್ತ ಅರ್ಧ ಗಂಟೆ ಅಲೆಯುತ್ತಾನೆ. ಸಂಗೀತ ಇಬ್ಬರಿಗೂ ಒಗ್ಗಬೇಕು. 1985ರ 'ಸೂಪರ್ ಮಾರಿಯೊ ಬ್ರದರ್ಸ್'ನಲ್ಲಿ ಸಮಯದ ಎಣಿಕೆ ನೂರಕ್ಕಿಂತ ಕೆಳಗಿಳಿದರೆ ಕೋಜಿ ಕೊಂಡೊ ಅವರ ಟ್ಯೂನ್ ತಾನೇ ಓಟಕ್ಕೆ ಬೀಳುತ್ತದೆ. 1991ರ 'ಮಂಕಿ ಐಲ್ಯಾಂಡ್ 2'ರಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಇನ್ನೂ ಮುಂದೆ ಹೋದರು. ಅಲ್ಲಿನ ವುಡ್‌ಟಿಕ್ ಊರಿನಲ್ಲಿ ಒಂದೊಂದು ಕೋಣೆಗೆ ಕಾಲಿಟ್ಟಾಗಲೂ ಧಾಟಿ ಬದಲಾಗುತ್ತದೆ, ಹೊರಬಂದರೆ ಮೂಲ ಧಾಟಿಗೇ ಮರಳುತ್ತದೆ, ಎಲ್ಲೂ ತುಂಡಾಗದೆ. ಈಗಂತೂ ಪದರಗಳ ಕಾಲ. ತಂತಿವಾದ್ಯಗಳದು ಒಂದು ಪದರ, ತಾಳವಾದ್ಯಗಳದು ಇನ್ನೊಂದು. ಎಲ್ಲವೂ ಒಂದೇ ಲಯದಲ್ಲಿ ಸದ್ದಿಲ್ಲದೆ ಓಡುತ್ತಿರುತ್ತವೆ. ಶತ್ರು ಹತ್ತಿರ ಬಂದಾಗ ಬೇಕಾದುದರ ದನಿ ಏರುತ್ತದೆ. ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ವೇಷಧಾರಿಗೆ ಇನ್ನಷ್ಟು ಕುಣಿಯುವ ಹುಮ್ಮಸ್ಸು ಬಂದರೆ ಭಾಗವತರು ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿ ಹಾಡುತ್ತಾರೆ, ಅವನು ಸಾಕೆಂದಾಗಲೇ ಮುಕ್ತಾಯ. ಗೇಮ್‌ನಲ್ಲಿ ಹಿಮ್ಮೇಳದವನು ವರ್ಷದ ಹಿಂದೆಯೇ ಹಾಡಿಟ್ಟು ಮನೆಗೆ ಹೋಗಿರುತ್ತಾನೆ, ಅಷ್ಟೇ.

ಈ ಗರಡಿಯಿಂದ ಸಿನಿಮಾಕ್ಕೆ ಹೋದವರಲ್ಲಿ ನನಗೆ ಅಚ್ಚುಮೆಚ್ಚು ಮೈಕೆಲ್ ಜಿಯಾಕಿನೊ. ಓದಿದ್ದು ನ್ಯೂಯಾರ್ಕಿನಲ್ಲಿ, ಮೊದಲು ಸಿನಿಮಾ ನಿರ್ಮಾಣ, ಆಮೇಲೆ ಜೂಲಿಯಾರ್ಡ್‌ನಲ್ಲಿ ಸಂಗೀತ. 1997ರಲ್ಲಿ 'ದಿ ಲಾಸ್ಟ್ ವರ್ಲ್ಡ್: ಜುರಾಸಿಕ್ ಪಾರ್ಕ್' ಗೇಮ್‌ಗೆ ನಿಜವಾದ ಆರ್ಕೆಸ್ಟ್ರಾ ಕೂರಿಸಿ ನುಡಿಸಿದರು. ಕನ್ಸೋಲ್ ಗೇಮ್‌ಗಳಿಗೆ ಅದು ಆಗಿನ್ನೂ ಅಪರೂಪದ ವೈಭೋಗ. 1999ರಲ್ಲಿ 'ಮೆಡಲ್ ಆಫ್ ಆನರ್'. ಗೇಮ್‌ಗಳ ಸಂಗೀತ ಕೇಳಿಯೇ ಜೆ.ಜೆ. ಏಬ್ರಮ್ಸ್ ಜಿಯಾಕಿನೊ ಅವರನ್ನು 'ಏಲಿಯಸ್' ಧಾರಾವಾಹಿಗೆ ಕರೆದದ್ದು. ಮುಂದೆ 'ಲಾಸ್ಟ್' ಬಂದಾಗ, ವಿಮಾನ ಬಿದ್ದ ಕಥೆಯಲ್ಲವೇ ಎಂದು ವಿಮಾನದ ಬಿಡಿಭಾಗಗಳನ್ನೇ ತಂದು ಬಡಿದು ತಾಳ ಮಾಡಿಕೊಂಡರು. ಹದಿನೆಂಟು ವರ್ಷದ ನಂತರ, 2015ರಲ್ಲಿ, ಅದೇ ಡೈನೊಸಾರ್‌ಗಳು ಮತ್ತೆ ಸಿಕ್ಕವು. ಈ ಸಲ 'ಜುರಾಸಿಕ್ ವರ್ಲ್ಡ್' ಸಿನಿಮಾದಲ್ಲಿ.

ಆದರೆ ನಾನು ಮತ್ತೆ ಮತ್ತೆ ಹೋಗುವುದು 2009ರ 'ಅಪ್' ಚಿತ್ರಕ್ಕೆ, ಅದಕ್ಕವರಿಗೆ ಆಸ್ಕರ್ ಬಂತು. ಕಾರ್ಲ್ ಮತ್ತು ಎಲ್ಲಿಯ ಇಡೀ ದಾಂಪತ್ಯ ಸುಮಾರು ನಾಲ್ಕು ನಿಮಿಷದಲ್ಲಿ, ಮಾತಿಲ್ಲದೆ. ಇರುವುದೊಂದೇ ಧಾಟಿ, ಮೂರೆಣಿಕೆಯ ವಾಲ್ಟ್ಜ್. ಮದುವೆಯಾದ ಹೊಸತರಲ್ಲಿ ಬಾಯಿ ಮುಚ್ಚಿದ ಟ್ರಂಪೆಟ್, ಪಿಟೀಲುಗಳು ಅದನ್ನು ಕುಣಿಸುತ್ತವೆ. ವಯಸ್ಸಾಗುತ್ತ ಒಂದೊಂದೇ ವಾದ್ಯ ಹಿಂದೆ ಸರಿದು, ಕಡೆಗೆ ಪಿಯಾನೊ ಒಂದೇ ಅದೇ ಸ್ವರಗಳನ್ನು ತಡೆತಡೆದು ಎತ್ತಿಡುತ್ತದೆ. ಹೊಸ ಸ್ವರವಿಲ್ಲ, ಅಳಿಸಲೆಂದು ತಂದ ಬೇರೆ ರಾಗವಿಲ್ಲ. ಒಂದೇ ಧಾಟಿಯನ್ನು ಹೀಗೆ ಹಿಗ್ಗಿಸಿ, ಕುಗ್ಗಿಸಿ, ಬಟ್ಟೆ ಕಳಚಿ ನಿಲ್ಲಿಸುವ ಧೈರ್ಯ ಗೇಮ್‌ಗಳಲ್ಲಿ ಪಳಗಿದ ಕೈಗೇ ಬರುವಂಥದ್ದು ಅಂತ ನನ್ನ ಗುಮಾನಿ. ಜಿಯಾಕಿನೊ ಒಪ್ಪಲಿಕ್ಕಿಲ್ಲ. ಬೇಡ, ಗುಮಾನಿ ನನ್ನದೇ ಇರಲಿ.

ಇತ್ತೀಚೆಗೆ ಮಗಳು ಆಸ್ಟಿನ್ ವಿಂಟರಿಯ 'ಜರ್ನಿ' ಪರಿಚಯಿಸಿದಳು. 2012ರ ಗೇಮ್; ಗೇಮ್ ಸಂಗೀತದ ಇಡೀ ಆಲ್ಬಂ ಒಂದು ಗ್ರ್ಯಾಮಿಗೆ ನಾಮನಿರ್ದೇಶನಗೊಂಡದ್ದು ಅದೇ ಮೊದಲು. ಮರಳುಗಾಡಿನಲ್ಲಿ ನಡೆಯುವ ಆ ಮುಸುಕಿನ ಜೀವಕ್ಕೆ ಟೀನಾ ಗುವೊ ನುಡಿಸಿದ ಚೆಲ್ಲೊವೇ ದನಿ. ಆಲ್ಬಂ ಅನ್ನು ಕಾರಿನಲ್ಲೂ ಕೇಳಿದೆ, ಅಡುಗೆಮನೆಯಲ್ಲೂ ಕೇಳಿದೆ. ಚೆನ್ನಾಗಿದೆ. ಆದರೆ ಅಲ್ಲಿ ಎಲ್ಲವೂ ತೀರ್ಮಾನವಾಗಿ ಹೋಗಿದೆ, ಚೆಲ್ಲೊ ಯಾರಿಗೂ ಕಾಯುವುದಿಲ್ಲ. ಮಗಳ ಪಕ್ಕ ಕೂತರೆ ಕಾಯುತ್ತದೆ. ಅವಳು ಮರಳಿನ ದಿಬ್ಬದ ಮೇಲೆ ಹಿಂದೆ ಮುಂದೆ ಜಾರುತ್ತ ಸುಮ್ಮನೆ ಕಾಲ ಕಳೆದಷ್ಟೂ ನನಗೆ ಲಾಭ. ಪುಣ್ಯಕ್ಕೆ ಈ ಆಟದಲ್ಲಿ ನಿಂತರೆ ಸಾಯುವ ಭಯವೂ ಇಲ್ಲ.